ಅರವತ್ತು ಬಂದರೂ ಫೇಲು

ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ಅರವತ್ತು ಬಂದರೆ ಫಸ್ಟ್ ಕ್ಲಾಸು, ಮನೆಯಲ್ಲಿ ಪಾಯಸ. ಕಂಪನಿಗಳ ಪರೀಕ್ಷೆಯಲ್ಲಿ ಹತ್ತಕ್ಕೆ ಆರು ಕೊಟ್ಟ ಗ್ರಾಹಕ ನಿಂದಕ. ಸೊನ್ನೆ ಕೊಟ್ಟು ಉಗಿದವನ ಪಕ್ಕದಲ್ಲೇ ಅವನಿಗೂ ಬೆಂಚು.

ಇದರ ಹೆಸರು ನೆಟ್ ಪ್ರಮೋಟರ್ ಸ್ಕೋರ್. 2003ರಲ್ಲಿ ಅಮೆರಿಕದ ಫ್ರೆಡ್ ರೈಕೆಲ್ಡ್ ಜಗತ್ತಿಗೆ ಕೊಟ್ಟ ವರ. ನಮ್ಮ ಕಂಪನಿಯನ್ನು ಸ್ನೇಹಿತರಿಗೆ ಶಿಫಾರಸು ಮಾಡುತ್ತೀರಾ? ಇದೊಂದೇ ಪ್ರಶ್ನೆ. ಒಂಬತ್ತು, ಹತ್ತು ಕೊಟ್ಟವರು ಭಕ್ತರು. ಏಳು, ಎಂಟು ಕೊಟ್ಟವರು ಆಟಕ್ಕುಂಟು ಲೆಕ್ಕಕ್ಕಿಲ್ಲ. ಭಕ್ತರ ಶೇಕಡಾವಾರಿನಲ್ಲಿ ನಿಂದಕರದ್ದನ್ನು ಕಳೆದರೆ ಬಂತು ತೃಪ್ತಿ.

ಲೆಕ್ಕ ಹಾಕಿ ನೋಡಿ. ಹತ್ತೂ ಜನ ಎಂಟೆಂಟು ಕೊಟ್ಟರೆ ಕಂಪನಿಗೆ ಸೊನ್ನೆ. ಆರು ಜನ ಒಂಬತ್ತು ಕೊಟ್ಟು, ಉಳಿದ ನಾಲ್ವರು ಸೊನ್ನೆ ಕೊಟ್ಟು ಹಿಡಿಶಾಪ ಹಾಕಿದರೆ ಇಪ್ಪತ್ತು. ಶಾಪಗ್ರಸ್ತನೇ ಮುಂದೆ! ಈ ಗಣಿತಕ್ಕೆ ದೊಡ್ಡ ದೊಡ್ಡ ಎಂಬಿಎಗಳು ತಲೆದೂಗುತ್ತಾರೆ.

ಇದೇ ಅಳತೆಗೋಲನ್ನು ದೇಶದೇಶಗಳ ಮೇಲೂ ಇಡುತ್ತಾರೆ. ಜಪಾನಿನವರು ಸರ್ವೆಗಳಲ್ಲಿ ತುತ್ತತುದಿಯ ಅಂಕ ಕೊಡಲು ಹಿಂಜರಿಯುತ್ತಾರೆ. ಲ್ಯಾಟಿನ್ ಅಮೆರಿಕದವರದು ಧಾರಾಳದ ಕೈ. ಸಂಶೋಧಕರು ದಶಕಗಳಿಂದ ಇದನ್ನೇ ಹೇಳುತ್ತಿದ್ದಾರೆ. ಹೆಡ್ಡಾಫೀಸಿಗೆ ಕಿವಿಯಿಲ್ಲ. ಟೋಕಿಯೊ ಮ್ಯಾನೇಜರನಿಗೆ ಬೈಗುಳ, ಮೆಕ್ಸಿಕೋದವನಿಗೆ ಶಹಭಾಸ್. ಅಳೆದದ್ದು ಸೇವೆಯನ್ನೋ, ಸಂಕೋಚವನ್ನೋ?

ನಮ್ಮಲ್ಲಿ ದಾಕ್ಷಿಣ್ಯ. ಊಟ ತಣ್ಣಗಾಗಿದೆ, ಸಾಂಬಾರು ಚೀಲದೊಳಗೇ ಚೆಲ್ಲಿದೆ. ಬಾಗಿಲಲ್ಲಿ ಮಳೆಯಲ್ಲಿ ನೆನೆದ ಹುಡುಗ. “ಸಾರ್, ಫೈವ್ ಸ್ಟಾರ್ ಕೊಡಿ ಸಾರ್, ರೇಟಿಂಗ್ ಬಿದ್ರೆ ಕಷ್ಟ.” ಒತ್ತುತ್ತೀರಿ. ನಾನೂ ಒತ್ತುತ್ತೇನೆ. ನಮ್ಮ ಕನಿಕರ ಮೇಲಕ್ಕೆ ಹೋಗುತ್ತಾ ಹೋಗುತ್ತಾ ಗ್ರಾಹಕರ ಸಂತೋಷವಾಗಿ, ವಾರ್ಷಿಕ ವರದಿಯ ಬಣ್ಣದ ಪುಟ ಸೇರುತ್ತದೆ. ಡೆಲಿವರಿ ಶುಲ್ಕ ಏರಿಸಿದವರಿಗೆ ಸ್ಟಾರ್ ಕೊಡುವ ಜಾಗ ಆ್ಯಪಿನಲ್ಲಿ ಎಲ್ಲಿದೆ, ಹುಡುಕಿ ಹೇಳಿ.

ಅಂಕಕ್ಕಾಗಿ ಅಂಗಲಾಚುವ ಈ ಚಾಳಿ 2021ರ ಹೊತ್ತಿಗೆ ಸ್ವತಃ ರೈಕೆಲ್ಡ್‌ಗೇ ಸಾಕಾಗಿತ್ತು. ದುರ್ಬಳಕೆಯಾಗುತ್ತಿದೆ ಎಂದು ಬರೆದುಕೊಂಡರು. ಜೊತೆಗೆ ಇನ್ನೊಂದು ಹೊಸ ಅಳತೆಯನ್ನೂ ಕೊಟ್ಟರು. ವ್ಯಾಪಾರ ನಿಲ್ಲಬಾರದು ನೋಡಿ.

ಸರಿಯಾದ ಪ್ರಶ್ನೆ ಕೇಳಲು ಬರುವವರಿಗೆ ಬರುತ್ತದೆ. 1994ರಲ್ಲೇ ಸ್ಯಾಮ್ಯುಯೆಲ್ ಪಾಲ್ ಎಂಬವರು ಬೆಂಗಳೂರಿನ ಸರ್ಕಾರಿ ಸೇವೆಗಳಿಗೆ ನಾಗರಿಕರಿಂದಲೇ ರಿಪೋರ್ಟ್ ಕಾರ್ಡ್ ಬರೆಸಿದರು. ಕೇಳಿದವರು ಇಲಾಖೆಯ ನೌಕರರಲ್ಲ. ಕೇಳಿದ್ದು ಕೆಲಸ ಆಯಿತೇ, ಲಂಚ ಕೊಟ್ಟಿರಾ ಎಂದು. ಫಲಿತಾಂಶ ಪತ್ರಿಕೆಗಳಲ್ಲಿ ಬಂತು, ಇಲಾಖೆಗಳ ಮಾನ ಬೀದಿಗೆ ಬಂತು. ಯಾವ ಕಂಪನಿಗೆ ಬೇಕು ಅಂಥ ಸರ್ವೆ?

ಆದ್ದರಿಂದ ಹುಡುಗನಿಗೆ ಐದು ಸ್ಟಾರ್ ಒತ್ತಿ, ಅವನ ತಪ್ಪೇನಿಲ್ಲ. ಕಂಪನಿಯ ಮೇಲೆ ದೂರಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಒತ್ತಿ.