ಕ್ಲಚ್ಛಬ್ದ ಮೀಮಾಂಸೆ

ಗ್ರಂಥಾರಂಭದಲ್ಲಿ ವಿಷಯವನ್ನು ನಿರ್ದೇಶಿಸುವುದು ಶಿಷ್ಟಾಚಾರವಾದುದರಿಂದ ಮೊದಲಿಗೆ ಹೆಸರಿನ ವಿಚಾರ. ‘ಕ್ಲಚ್’ ಎಂಬ ವ್ಯಂಜನಾಂತ ಪದದ ಮುಂದೆ ‘ಶಬ್ದ’ವು ಬಂದಾಗ, ತತ್ ಎಂಬುದಕ್ಕೆ ಶಬ್ದ ಸೇರಿ ತಚ್ಛಬ್ದವಾಗುವ ನ್ಯಾಯದಿಂದಲೇ, ಶಕಾರಕ್ಕೆ ಛಕಾರವು ಆದೇಶವಾಗಿ ‘ಕ್ಲಚ್ಛಬ್ದ’ವೆಂಬ ಸಾಧುರೂಪವು ಸಿದ್ಧಿಸುತ್ತದೆ. ಇದನ್ನು ನಾಲ್ಕು ಸಲ ಬಿಡದೆ ಉಚ್ಚರಿಸಿದರೆ ಕಿವಿಗೆ ಬೀಳುವ ಧ್ವನಿಯೇ ಪ್ರಕೃತ ಪ್ರಬಂಧದ ವಿಷಯ. ವೈಯಾಕರಣರು ಮೋಟಾರು ಸೈಕಲ್ಲನ್ನು ಹತ್ತದೆಯೇ ಅದರ ರೋಗವನ್ನು ಬಲ್ಲವರಾಗಿದ್ದರೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ರೋಗಿಯು 1969ರಲ್ಲಿ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಜನಿಸಿ, ಸೋದರಮಾವನವರಿಂದ ನಮಗೆ ಬಳುವಳಿಯಾಗಿ ಬಂದ 250 ಸಿ.ಸಿ.ಯ ಜಾವಾ. ಈ ನಾಮಧೇಯವು ವೇಗವಾಚಿಯಾದ ಸಂಸ್ಕೃತದ ‘ಜವ’ದಿಂದ ಬಂದುದೆಂದು ಸವಾರರೂ, ಯಮನ ತದ್ಭವವಾದ ಕನ್ನಡದ ‘ಜವ’ನಿಂದ ಬಂದುದೆಂದು ಅವರ ಮನೆಯವರೂ ವಾದಿಸುವರು. ವಾಸ್ತವದಲ್ಲಿ ಯಾನೆಚೆಕ್ ಎಂಬ ಚೆಕ್ ದೇಶೀಯನು 1929ರಲ್ಲಿ ಜರ್ಮನಿಯ ವಾಂಡರರ್ ಕಂಪನಿಯ ಮೋಟಾರು ಸೈಕಲ್ ಉದ್ಯಮವನ್ನು ಕೊಂಡು, ಎರಡು ಹೆಸರುಗಳ ಮೊದಲೆರಡು ರೋಮನ್ ಅಕ್ಷರಗಳನ್ನು ಬೆಸೆದನಷ್ಟೆ; ಆದರೆ ಇಂಥ ನೀರಸ ಸತ್ಯವನ್ನು ನಿರುಕ್ತಕಾರರು ಗಣಿಸುವ ಸಂಪ್ರದಾಯವಿಲ್ಲ.

ಈ ಯಂತ್ರದಲ್ಲಿ ಕಿಕ್ಕರೂ ಗೇರಿನ ಕಡ್ಡಿಯೂ ಬೇರೆಬೇರೆಯಲ್ಲ. ಒಳಕ್ಕೆ ಒತ್ತಿ ಎತ್ತಿ ತುಳಿದರೆ ಎಂಜಿನ್ನನ್ನು ಎಬ್ಬಿಸುವ ಕಡ್ಡಿಯೇ ಸ್ವಸ್ಥಾನಕ್ಕೆ ಮರಳಿದ ಮೇಲೆ ಗೇರನ್ನು ಹಾಕುತ್ತದೆ, ಹಾಕುವಾಗ ಕ್ಲಚ್ಚನ್ನೂ ತಾನೇ ಬಿಡಿಸುತ್ತದೆ. ಎಡಗೈಗೆ ಕ್ಲಚ್ಚಿನ ಹಿಡಿಯೊಂದು ಪ್ರತ್ಯೇಕವಾಗಿಯೂ ಉಂಟು. ಒಂದು ಪದದಿಂದ ಮೂರು ಅರ್ಥಗಳನ್ನು ಹೊರಡಿಸುವ ಶ್ಲೇಷವನ್ನು ಕವಿಗಳು ತಾಳೆಗರಿಯಲ್ಲಿ ಮಾಡಿದರೆ ಜಾವಾದವರು ಉಕ್ಕಿನಲ್ಲಿ ಮಾಡಿದರು. ನಮ್ಮ ಬಂಡಿಯ ವ್ಯಾಧಿಯ ಲಕ್ಷಣವಿಷ್ಟು: ರೈಲ್ವೆ ಗೇಟಿನ ಮುಂದೆ ನಿಂತು ಹಿಡಿಯನ್ನು ಅದುಮಿದರೆ ಗಲಗಲ, ನ್ಯೂಟ್ರಲ್ಲಿಗೆ ತಂದು ಹಿಡಿಯನ್ನು ಬಿಟ್ಟರೆ ಮೌನ. ಇದನ್ನು ಓದುಗರು ನೆನಪಿನಲ್ಲಿಡತಕ್ಕದ್ದು, ನಾವು ಇಡಲಿಲ್ಲ.

ನೈಯಾಯಿಕರು ಪ್ರತ್ಯಕ್ಷ, ಅನುಮಾನ, ಉಪಮಾನ, ಶಬ್ದಗಳೆಂದು ಪ್ರಮಾಣಗಳನ್ನು ನಾಲ್ಕಾಗಿ ಎಣಿಸುವರು. 2007ರಲ್ಲಿ ಸರ್ಕಾರವು ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳೆಂಬ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ಜಿಲ್ಲೆಯೊಂದನ್ನು ರಚಿಸಿದುದು ಈ ಸಂಖ್ಯೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಇರಬೇಕೆಂದು ಭಾವಿಸಿ, ತಾಲ್ಲೂಕಿಗೊಂದು ಪ್ರಮಾಣದಂತೆ ನಾವು ಪರೀಕ್ಷೆಗೆ ಹೊರಟೆವು.

ರಾಮನಗರವು ಅನುಮಾನದ ಕ್ಷೇತ್ರ. ಬೆಟ್ಟದ ಮೇಲೆ ಹೊಗೆಯಿದೆ, ಆದುದರಿಂದ ಬೆಂಕಿಯಿದೆ ಎಂಬುದು ತರ್ಕಶಾಸ್ತ್ರದ ಆದ್ಯ ದೃಷ್ಟಾಂತ. ನಾವು ರಾಮದೇವರ ಬೆಟ್ಟದ ದಾರಿಯಲ್ಲಿ ಬಂಡಿಯನ್ನು ಹತ್ತಿಸಿದಾಗ ಬೆಟ್ಟದಲ್ಲಿ ಹೊಗೆಯು ಯಥೇಚ್ಛವಾಗಿ ಎದ್ದಿತು, ಬೆಂಕಿ ಮಾತ್ರ ಕಾಣಿಸಲಿಲ್ಲ. ಪೆಟ್ರೋಲಿನೊಡನೆ ಎಣ್ಣೆಯನ್ನು ಬೆರೆಸಿ ಕುಡಿಯುವ ಟೂ ಸ್ಟ್ರೋಕ್ ಎಂಜಿನ್ನನ್ನು ಗೌತಮ ಮಹರ್ಷಿಗಳು ಕಂಡಿರಲಿಲ್ಲವಾಗಿ ಈ ವ್ಯಭಿಚಾರವು ಅವರ ನ್ಯಾಯಸೂತ್ರಗಳಲ್ಲಿ ಸೇರಲಿಲ್ಲ. ರೇಷ್ಮೆಗೂಡಿನ ಮಾರುಕಟ್ಟೆಯ ಹಿಂದಿನ ಮೆಕ್ಯಾನಿಕ್ಕೊಬ್ಬನು ಬಂಡಿಯನ್ನು ಮುಟ್ಟದೆ, ಬಾಯೊಳಗಿನ ಎಲೆಯಡಿಕೆಯನ್ನೂ ಉಗುಳದೆ, ಸದ್ದೆಂದರೆ ಚೈನೇ ಎಂದು ಅನುಮಾನಿಸಿ ಹಿಂಚಕ್ರದ ಚೈನನ್ನು ಬಿಗಿಮಾಡಿಸಿದನು. ಚೈನು ಬಿಗಿಯಾಯಿತು, ಸದ್ದು ಸಡಿಲವಾಗಲಿಲ್ಲ. ಇದೇ ಬಂಡೆಗಳ ನಡುವೆ ಬಹುಪಾಲು ಚಿತ್ರಿತವಾಗಿ 1975ರಲ್ಲಿ ತೆರೆಕಂಡ ‘ಶೋಲೆ’ಯಲ್ಲಿ ಗೆಳೆಯರಿಬ್ಬರು ಸೈಡ್‌ಕಾರಿನ ಮೋಟಾರು ಸೈಕಲ್ಲಿನಲ್ಲಿ ಹಾಡುತ್ತ ಸಾಗುವರು, ಗಾಯನದಿಂದ ಸದ್ದನ್ನು ಅಡಗಿಸುವ ಆ ಚಿಕಿತ್ಸೆಯನ್ನು ನಾವು ಪ್ರಯೋಗಿಸಲಾಗಿ, ಹಿಂದೆ ಕುಳಿತಿದ್ದ ಭಾವಮೈದುನನು ಇಳಿದು ನಡೆದನು, ಸದ್ದು ಇಳಿಯಲಿಲ್ಲ.

ಚನ್ನಪಟ್ಟಣದಲ್ಲಿ ಉಪಮಾನ. ಅಲ್ಲಿ ಲೇತಿನಲ್ಲಿ ಗಿರ್ರನೆ ತಿರುಗುವ ಆಲೆ ಮರದ ತುಂಡಿಗೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದರೆ, ಉಜ್ಜಾಟದ ಬಿಸಿಗೇ ಅರಗು ಕರಗಿ ಮರವನ್ನು ಅಪ್ಪುವುದು. ಒತ್ತಿದರೆ ಹಿಡಿತ, ಬಿಟ್ಟರೆ ಬಿಡುಗಡೆ ಎಂಬ ಈ ಕಸಬು ಕ್ಲಚ್ಚಿಗೆ ದಾಯಾದಿಯೇ ಸರಿ. ಗೊಂಬೆಯ ಕುಶಲಕರ್ಮಿಯು ನಮ್ಮ ಬಂಡಿಯ ದನಿಯನ್ನು ಕ್ಷಣಕಾಲ ಆಲಿಸಿ, ಹಳದಿ ಬಣ್ಣದ ಗಿಲಕಿಯೊಂದನ್ನು ಎತ್ತಿ ಕಿವಿಯ ಬಳಿ ಅಲ್ಲಾಡಿಸಿ, “ಒಳಗೆ ಸಡಿಲ ಇದ್ರೇನೆ ಸ್ವಾಮಿ ಇದು ನುಡಿಯೋದು” ಎಂದನು. ಇಷ್ಟು ಚಿಕ್ಕ ಮಾತು ಸಿದ್ಧಾಂತವಾಗಲಾರದೆಂದು ನಿಶ್ಚಯಿಸಿ, ಗಿಲಕಿಯನ್ನು ಕೊಂಡು ಮಾತನ್ನು ಅಲ್ಲಿಯೇ ಬಿಟ್ಟುಬಂದೆವು.

ಕನಕಪುರದಲ್ಲಿ ಶಬ್ದಪ್ರಮಾಣ, ಎಂದರೆ ಆಪ್ತವಾಕ್ಯ. ನರೆತ ತಲೆಯ ಹಿರಿಯರೊಬ್ಬರು, ಎಣ್ಣೆ ತೆಳುವಾದುದೇ ರೋಗದ ಮೂಲವೆಂದೂ ದಪ್ಪ ಆಯಿಲನ್ನು ತುಂಬಿದರೆ ಸದ್ದು ಮುಳುಗಿ ಹೋಗುವುದೆಂದೂ ಅಪ್ಪಣೆ ಕೊಡಿಸಿದರು. ಜಾವಾದ ಕ್ಲಚ್ಚಾದರೋ ಎಣ್ಣೆಯಲ್ಲಿಯೇ ತಿರುಗುವಂಥದು. ಮರುದಿನ ಮುಂಜಾನೆಯ ಚಳಿಗೆ ಆ ಮಂದವಾದ ಎಣ್ಣೆಯು ಪ್ಲೇಟುಗಳನ್ನು ಒಂದಕ್ಕೊಂದು ಅಂಟಿಸಿಬಿಟ್ಟಿದ್ದಿತಾಗಿ, ಹಿಡಿಯನ್ನು ಅದುಮಿ ಮೊದಲನೆಯ ಗೇರನ್ನು ಹಾಕಿದ ಕೂಡಲೆ ಬಂಡಿಯು ಅಂಗಳದಿಂದ ಒಂದೇ ನೆಗೆತಕ್ಕೆ ಬೇಲಿಯನ್ನು ಸೇರಿತು. ಮೇಕೆದಾಟು ಎಂಬ ಸ್ಥಳವು ಇದೇ ತಾಲ್ಲೂಕಿನಲ್ಲಿರುವುದು ಕೇವಲ ಕಾಕತಾಳೀಯವೇ ಎಂಬುದನ್ನು ಸ್ಥಳನಾಮ ಸಂಶೋಧಕರು ವಿಚಾರಿಸಬೇಕು.

ಉಳಿದುದು ಮಾಗಡಿ, ಪ್ರತ್ಯಕ್ಷ. ಸಾವನದುರ್ಗದ ಕಡೆಗೆ ಹೋಗುವ ರಸ್ತೆಯ ಬದಿಯ ತಗಡಿನ ಮಾಡಿನ ಕೆಳಗೆ ಹದಿನೆಂಟರ ಹುಡುಗನೊಬ್ಬನು ನಮ್ಮ ಪೂರ್ವಪಕ್ಷಗಳನ್ನು ಅರ್ಧಕ್ಕೇ ತಡೆದು, “ಬಿಚ್ಚಿ ನೋಡನ ಸಾ” ಎಂದನು. ಎಣ್ಣೆಯನ್ನು ತಟ್ಟೆಗಿಳಿಸಿ, ಕಿಕ್ಕರನ್ನು ಕಳಚಿ, ಎಡಗಡೆಯ ಮುಚ್ಚಳವನ್ನು ಮರದ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಬಿಡಿಸಿ, ಅಂಟಿದ್ದ ಹಳೆಯ ಪ್ಯಾಕಿಂಗನ್ನು ಬ್ಲೇಡಿನಿಂದ ಹೆರೆದನು. ಒಳಗೆ, ಬಿರಡೆಯ ಬಿಲ್ಲೆಗಳನ್ನು ಕೂರಿಸಿದ ಪ್ಲೇಟುಗಳು ಎಣ್ಣೆಯಲ್ಲಿ ನೆಂದು ಕಪ್ಪಾಗಿದ್ದುವು. ಅವನು ನಮ್ಮ ಕೈಯಿಂದ ಹಿಡಿಯನ್ನು ಅದುಮಿಸಿ, ಕ್ಲಚ್ ಡ್ರಮ್ಮನ್ನು ಎರಡು ಬೆರಳುಗಳಲ್ಲಿ ಹಿಡಿದು ಅತ್ತಿತ್ತ ಅಲ್ಲಾಡಿಸಿದನು: ಟಕ್, ಟಕ್. “ಬುಷ್ ಹೋಗೈತೆ ಸಾ. ಪ್ಲೇಟು ಹಿಡ್ಕೊಂಡಿರೋ ಗಂಟ ಡ್ರಮ್ಮು ನೆಟ್ಟಗಿರ್ತದೆ. ಬಿಟ್ಟೇಟ್ಗೆ ಬುಷ್ ಮ್ಯಾಲೆ ಓಲಾಡ್ತದೆ.” ಹೊಸ ಬುಷ್ಷು ಕುಳಿತಿತು, ಹೊಸ ಪ್ಯಾಕಿಂಗಿನ ಮೇಲೆ ಮುಚ್ಚಳ ಬಿದ್ದಿತು, ಹದವಾದ ಎಣ್ಣೆಯು ಸೇರಿತು, ಸಂಜೆಯ ಹೊತ್ತಿಗೆ ಕ್ಲಚ್ಛಬ್ದವು ಲೋಪಸಂಧಿಯನ್ನು ಹೊಂದಿತು.

ಇನ್ನು ಸಿದ್ಧಾಂತ. ಕಂಡುದನ್ನು ಕಂಡಂತೆ ನುಡಿಯುವವನೂ ವಂಚಿಸುವ ಇಚ್ಛೆಯಿಲ್ಲದವನೂ ಆಪ್ತನು. ಈ ಲಕ್ಷಣವನ್ನು ಹಚ್ಚಿ ನೋಡಿದರೆ, ಕೈಗೆ ಮಸಿ ಹತ್ತೀತೆಂದು ಅಂಜಿ ಶಾಸ್ತ್ರದ ಮೊರೆಹೊಕ್ಕ ಪ್ರಬಂಧಕಾರನು ಅದರಲ್ಲಿ ಸೇರುವುದಿಲ್ಲ, ಬಂಡಿಯು ಸೇರುತ್ತದೆ. ಅದುಮಿದರೆ ಉಂಟು, ಬಿಟ್ಟರೆ ಇಲ್ಲವೆಂದು ಅನ್ವಯ ವ್ಯತಿರೇಕಗಳೆರಡನ್ನೂ ಅದು ಮೂರು ತಿಂಗಳ ಕಾಲ ಗೇಟುಗೇಟಿನಲ್ಲಿಯೂ ನಮಗೆ ಪಾಠ ಹೇಳಿತು. ನಾವು ಆ ಪಾಠವನ್ನು ಸದ್ದೆಂದು ಕರೆದು, ಆಪ್ತರನ್ನರಸಿ ನಾಲ್ಕು ತಾಲ್ಲೂಕುಗಳನ್ನು ಸುತ್ತಿದೆವು. ಈಗ ಬಂಡಿಯು ಮೌನವನ್ನು ತಾಳಿದೆ. ಹಳದಿಯ ಗಿಲಕಿ ಮಾತ್ರ ಮೊಮ್ಮಗನ ಕೈ ಸೇರಿ, ಈ ಪ್ರಬಂಧವನ್ನು ನಾವು ಬರೆಯುತ್ತಿರುವಷ್ಟು ಹೊತ್ತೂ, ಚನ್ನಪಟ್ಟಣದಲ್ಲಿ ಬಿಟ್ಟುಬಂದ ಆ ಚಿಕ್ಕ ಮಾತನ್ನೇ ಆಡುತ್ತಿದೆ.