ಹುಂಜಪ್ಪನ ಕೀಲುನೋವು

ಬಸವೇಶ್ವರನಗರದ ಪಾರ್ಕಿನಲ್ಲಿ ಮಂಡಿನೋವಿನ ಮಾತೆತ್ತಿದರೆ ಕಲ್ಲುಬೆಂಚಿನ ಮೇಲೆ ಕೂತವರೆಲ್ಲ ವೈದ್ಯರೇ. ಆದರೆ ನೋವು ಸಾಕಿದ ಹುಂಜಕ್ಕೆ ಬಂದರೆ? ಪಾಪ, ಅದು ಮಟನ್ ಮುಟ್ಟಿಲ್ಲ, ಬಾರ್ ಮೆಟ್ಟಿಲು ಹತ್ತಿಲ್ಲ, ಆದರೂ ಗೌಟ್ ಎಂಬ ಕೀಲುನೋವು!

ತಪ್ಪು ಕಾಲಿನದಲ್ಲ, ಮೂತ್ರಪಿಂಡದ್ದು. ಹಕ್ಕಿಗಳು ನಮ್ಮಂತೆ ಯೂರಿಯಾ ಅಲ್ಲ, ಯೂರಿಕ್ ಆಮ್ಲ ಹೊರಹಾಕುತ್ತವೆ. ಹಿಕ್ಕೆಯ ಬಿಳಿ ಭಾಗ ಅದೇ. ಮೂತ್ರಪಿಂಡ ಮುಷ್ಕರ ಹೂಡಿತೋ, ಆ ಬಿಳುಪು ಕಾಲಿನ ಕೀಲುಗಳಲ್ಲಿ ಹರಳುಗಟ್ಟುತ್ತದೆ. ನೀರು ಸಾಲದಿರುವುದು, ಸೋಂಕು, ಅತಿಯಾದ ಪ್ರೋಟೀನ್, ಅತಿಯಾದ ಕ್ಯಾಲ್ಸಿಯಂ, ಎಲ್ಲವೂ ಕಾರಣವಾಗಬಹುದು. ಮೊಟ್ಟೆಕೋಳಿಯ ಮೇವಿನಲ್ಲಿ ಕ್ಯಾಲ್ಸಿಯಂ ಶೇ. 4ರ ಆಸುಪಾಸು ಇರುತ್ತದೆ. ಅದನ್ನೇ ಹುಂಜಕ್ಕೂ ಸುರಿಯುವುದೆಂದರೆ ಬಾಣಂತಿಯ ಅಂಟಿನುಂಡೆಯನ್ನು ಯಜಮಾನರು ಖಾಲಿ ಮಾಡಿದ ಹಾಗೆ!

ಔಷಧಿಗಿಂತ ಮೊದಲು ಪಥ್ಯ: ಧಾರಾಳ ನೀರು, ಹಿತಮಿತ ಪ್ರೋಟೀನ್, ಕಡಿಮೆ ಕ್ಯಾಲ್ಸಿಯಂ, ಕೂರಲು ಮೆತ್ತನೆಯ ಜಾಗ. ಅಲೋಪ್ಯೂರಿನಾಲ್ ಎಂಬ ಔಷಧಿ ಕೊಡುವುದಿದ್ದರೆ ಪಶುವೈದ್ಯರೇ ಅಳೆದು ಕೊಡಬೇಕು. ಪೂರ್ತಿ ವಾಸಿಯಾಗುವ ಭರವಸೆ ಇಲ್ಲ. ನೋವು ತಗ್ಗಿದರೆ ಅದೇ ಪುಣ್ಯ.

"ಅಜ್ಜನ ಡೈಕ್ಲೋಫೆನಾಕ್ ಮಾತ್ರೆ ಇದೆಯಲ್ಲಾ, ಒಂದು ಚೂರು ಹಾಕಿ ಸಾರ್" ಎನ್ನುವ ಪಕ್ಕದ ಮನೆಯವರು ಇದ್ದೇ ಇರುತ್ತಾರೆ. ಬೇಡ! ಆ ಔಷಧಿ ಉಳಿದಿದ್ದ ದನಗಳ ಕಳೇಬರ ತಿಂದೇ ದೇಶದ ರಣಹದ್ದುಗಳು ಮೂತ್ರಪಿಂಡ ಕೆಟ್ಟು, ಗೌಟ್ ಆಗಿ ಸತ್ತವು. 2006ರಲ್ಲಿ ಸರ್ಕಾರ ಪಶುಚಿಕಿತ್ಸೆಯಲ್ಲಿ ಅದನ್ನು ನಿಷೇಧಿಸಿತು.

ಆದ್ದರಿಂದ ಹುಂಜ ಕುಂಟಿದರೆ ಮನೆಯ ಮಾತ್ರೆ ಡಬ್ಬಿ ಮುಚ್ಚಿಡಿ, ಪಶುವೈದ್ಯರ ಬಾಗಿಲು ತಟ್ಟಿ.