ಹಳೇದ ಹೇಳ್ರಿ

ರಾಕ್ ಬ್ಯಾಂಡಿಗೆ ವಯಸ್ಸಾದ ಹಾಗೆ ಅದರ ಒಂದು ಆಲ್ಬಮ್ಮಿಗೂ ಇನ್ನೊಂದಕ್ಕೂ ನಡುವಿನ ಅಂತರವೂ ಬೆಳೆಯುತ್ತ ಹೋಗುತ್ತದಂತೆ. ಇದು ನನ್ನ ಶೋಧವಲ್ಲ, ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿರುವ ನಮ್ಮ ಅಕ್ಕನ ಮಗನ ದುಃಖ. ಬೇರೆಯವರ ಮಕ್ಕಳು ನಮ್ಮೂರು ಮಂಗಸೂಳಿಗೆ ಬಂದರೆ ಫ್ಲ್ಯಾಟಿನ ಸಾಲ, ಟ್ರಾಫಿಕ್ಕು, ನೀರಿನ ಟ್ಯಾಂಕರು ಅಂತ ಗೋಳು ಹೇಳುತ್ತಾರೆ. ಇವನು ಬಸ್ಸಿಳಿದು ಕೈಕಾಲು ತೊಳೆದುಕೊಳ್ಳುವ ಮೊದಲೇ, "ಮಾಮಾ, ಮೆಟಾಲಿಕಾದವ್ರು ಏನ್ ಮಾಡ್ಯಾರ ಗೊತ್ತೈತೇನ್ರಿ?" ಅಂತ ಸುರುಮಾಡುತ್ತಾನೆ.

ಈಗೀಗ ನನಗೂ ಗೊತ್ತಾಗಿದೆ. ಮೆಟಾಲಿಕಾದವರು 1983ರಿಂದ 1991ರೊಳಗೆ ಐದು ಆಲ್ಬಮ್ ತಂದರು. ಆಮೇಲೆ ನಡಿಗೆ ನಿಧಾನವಾಯಿತು. 2008ಕ್ಕೆ ಒಂದು, 2016ಕ್ಕೆ ಒಂದು, 2023ಕ್ಕೆ ಒಂದು. ರೋಲಿಂಗ್ ಸ್ಟೋನ್ಸ್ ತಂಡ ಕಟ್ಟಿದ್ದು 1962ರಲ್ಲಿ. 2003ರ ಏಪ್ರಿಲ್‌ನಲ್ಲಿ ಬೆಂಗಳೂರಿನ ಅರಮನೆ ಮೈದಾನಕ್ಕೂ ಬಂದು ಕುಣಿದು ಹೋದರು. 2005ರಲ್ಲಿ ಸ್ವಂತ ಹಾಡಿನ ಆಲ್ಬಮ್ ಒಂದನ್ನು ತಂದವರು ಮುಂದಿನದಕ್ಕೆ 2023ರ ತನಕ ಕಾಯಿಸಿದರು. ನಡುವೆ 2016ರಲ್ಲಿ ಒಂದು ಬಂತು, ಅದರಲ್ಲಿದ್ದವು ಬೇರೆಯವರ ಹಳೇ ಬ್ಲೂಸ್ ಹಾಡುಗಳು. ಬಾಸ್ಟನ್ ಎಂಬ ಬ್ಯಾಂಡಿನ ಯಜಮಾನ ಟಾಮ್ ಶೋಲ್ಜ್ ಪೋಲರಾಯ್ಡ್ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದವನು, ಮನೆಯ ನೆಲಮಾಳಿಗೆಯಲ್ಲಿ ಕುಳಿತು ಹಾಡು ತಿದ್ದುತ್ತಿದ್ದವನು. 1976ಕ್ಕೆ ಒಂದು, 1978ಕ್ಕೆ ಇನ್ನೊಂದು ತಂದ. ಮೂರನೆಯದನ್ನು ತಿದ್ದುತ್ತ ತಿದ್ದುತ್ತ 1986 ಬಂತು, ನಡುವೆ ರೆಕಾರ್ಡ್ ಕಂಪನಿ ಕೋರ್ಟಿಗೂ ಹೋಯಿತು.

ಇವರೆಲ್ಲರ ಅಣ್ಣನೆಂದರೆ ಗನ್ಸ್ ಎನ್ ರೋಸಸ್. 1993ರಲ್ಲಿ ಬೇರೆಯವರ ಹಾಡುಗಳದೊಂದು ಆಲ್ಬಮ್ ಹಾಡಿ ಸುಮ್ಮನಾದವರು 'ಚೈನೀಸ್ ಡೆಮಾಕ್ರಸಿ' ಬರುತ್ತದೆ, ಬಂತು, ಬಂದೇ ಬಿಟ್ಟಿತು ಅನ್ನುತ್ತಲೇ ಇದ್ದರು. 2008ರಲ್ಲಿ ಡಾಕ್ಟರ್ ಪೆಪ್ಪರ್ ಎಂಬ ಸೋಡಾ ಕಂಪನಿಯವರು, ಈ ವರ್ಷ ಅದು ಹೊರಬಂದರೆ ಅಮೆರಿಕದ ಪ್ರತಿಯೊಬ್ಬರಿಗೂ ಒಂದೊಂದು ಡಬ್ಬಿ ಪುಕ್ಕಟೆ ಅಂತ ಸಾರಿಬಿಟ್ಟರು. ಬರಲಿಕ್ಕಿಲ್ಲ ಎಂಬ ಧೈರ್ಯವಿತ್ತೋ ಏನೋ! ನವೆಂಬರ್‌ನಲ್ಲಿ ಆಲ್ಬಮ್ ಬಂದೇ ಬಂತು. ಪುಕ್ಕಟೆ ಕೂಪನ್ನಿಗೆ ಜನ ಮುಗಿಬಿದ್ದು ಕಂಪನಿಯ ವೆಬ್‌ಸೈಟು ಕುಸಿದು ಕುಳಿತಿತು.

ಅಳಿಯನ ಈ ವರದಿ ಕೇಳುವಾಗೆಲ್ಲ ನನಗೆ ನೆನಪಾಗುವವರು ನಮ್ಮೂರ ವಾಘ್ಯಾಗಳು. ಮಂಗಸೂಳಿ ಖಂಡೋಬಾನ ಊರು, ಕನ್ನಡದ ಬಾಯಲ್ಲಿ ಅವನೇ ಮಲ್ಲಯ್ಯ. ಕರ್ನಾಟಕ, ಮಹಾರಾಷ್ಟ್ರ ಎರಡೂ ಕಡೆಯ ಒಕ್ಕಲು ನಡೆದುಕೊಳ್ಳುವ ಕ್ಷೇತ್ರ. ಜಾತ್ರೆಯಲ್ಲಿ ಎಸೆದ ಭಂಡಾರಕ್ಕೆ ಅಂಗಿ, ಮೀಸೆ, ಮೊಬೈಲು ಎಲ್ಲ ಹಳದಿಯಾಗುತ್ತವೆ. ಆ ದೇವರ ಹಾಡುಗಾರರೇ ವಾಘ್ಯಾ ಮತ್ತು ಮುರಳಿ. ಅವರ ಬ್ಯಾಂಡು ಸುರುವಾಗಿ ಎಷ್ಟು ವರ್ಷವಾಯಿತೆಂದು ಕೇಳಿದರೆ ಗುಡಿಯ ಕಡೆ ಕೈ ತೋರಿಸುತ್ತಾರೆ. ಆಲ್ಬಮ್ಮಿನ ಲೆಕ್ಕ ಮಾತ್ರ ಸೊನ್ನೆ. ಜಾತ್ರೆಯ ಅಂಗಡಿಯಲ್ಲಿ ಖಂಡೋಬಾನ ಹಾಡು ಮೊದಲು ಕ್ಯಾಸೆಟ್ಟಿನಲ್ಲಿ ಬಂತು, ಆಮೇಲೆ ಸಿಡಿಯಲ್ಲಿ, ಈಗ ಪೆನ್‌ಡ್ರೈವಿನಲ್ಲಿ. ಹಾಡಿದವರು ಊರು ಕಾಣದ ಸ್ಟುಡಿಯೋದವರು. ನಮ್ಮ ವಾಘ್ಯಾ ಅದೇ ಅಂಗಡಿಯ ಮುಂದೆ ನಿಂತು, ತನ್ನದೇ ಹಾಡನ್ನು ಬೇರೆಯವರ ಬಾಯಲ್ಲಿ ಕೇಳುತ್ತ, ಚಹಾ ಕುಡಿದು ಹೋಗುತ್ತಾನೆ.

ಅವರ ಕಚೇರಿ ನೋಡಬೇಕೆಂದರೆ ಮದುವೆಯಾದ ಮನೆಯ ಜಾಗರಣಕ್ಕೆ ಹೋಗಬೇಕು. ಐದು ಕಬ್ಬು ನಿಲ್ಲಿಸಿ ತುದಿ ಕಟ್ಟಿ ಮಂಟಪ ಮಾಡುತ್ತಾರೆ. ಉಗಾರದ ಸಕ್ಕರೆ ಕಾರ್ಖಾನೆ ದಶಕಗಳಿಂದ ಕಬ್ಬು ಅರೆಯುತ್ತಿರುವ ಸೀಮೆ ನಮ್ಮದು, ಐದಕ್ಕೆ ಏನು ಬರ! ಅದರ ಕೆಳಗೆ ಕಲಶ, ಭಂಡಾರ. ಒಬ್ಬನ ಕೈಯಲ್ಲಿ ತುಣತುಣಿ, ಇನ್ನೊಬ್ಬನ ಕೈಯಲ್ಲಿ ಅಂಗೈ ಎರಡರಷ್ಟು ಅಗಲದ ದಿಮಡಿ, ಮುರಳಿಯ ಕೈಯಲ್ಲಿ ಗಂಟೆ. ಚಂಪಾಷಷ್ಠಿಯ ಚಳಿಗೆ ದಿಮಡಿಯ ಚರ್ಮ ಸಡಿಲಾಗುತ್ತದೆ. ಆತ ಅದನ್ನು ಕೆಂಡದ ಮೇಲೆ ಹಿಡಿದು ತಿರುಗಿಸುತ್ತಾನೆ, ಕಿವಿ ಹತ್ತಿರ ತಂದು ಉಂಗುರದ ಬೆರಳಿಂದ ಒಮ್ಮೆ ತಟ್ಟುತ್ತಾನೆ, ಮುಖ ಸಿಂಡರಿಸಿ ಮತ್ತೆ ಕೆಂಡಕ್ಕೆ ಹಿಡಿಯುತ್ತಾನೆ. ಕೂತವರೆಲ್ಲ ಬೀಗರ ಮನೆಯ ಸುದ್ದಿ ಬಿಟ್ಟು ಆ ಬೆರಳನ್ನೇ ನೋಡುತ್ತಾರೆ. 'ಟಣ್' ಅಂತ ಬಂತೋ, ಕಚೇರಿ ಸುರು.

ಮೊದಲು ದೇವರುಗಳಿಗೆ ಆಮಂತ್ರಣ. ಜೇಜುರಿಯ ಖಂಡೋಬಾ, ತುಳಜಾಪುರದ ಭವಾನಿ, ಕೊಲ್ಲಾಪುರದ ಮಹಾಲಕ್ಷ್ಮಿ, ಪಂಢರಪುರದ ವಿಠೋಬಾ, ನಮ್ಮ ಚಿಂಚಲಿಯ ಮಾಯಕ್ಕ, ಎಲ್ಲರೂ ಜಾಗರಣಕ್ಕೆ ಬರಬೇಕು. ಮದುವೆಗೆ ಕರೆಯದೆ ಬಿಟ್ಟ ನೆಂಟರು ಆ ಹೊತ್ತಿನಲ್ಲಿ ಮನೆಯವರಿಗೆ ನೆನಪಾಗಿ ಮುಜುಗರವಾಗುವುದುಂಟು. ಆಮೇಲೆ ಕಥೆ. ಖಂಡೋಬಾ ಹಿರಿಯ ಹೆಂಡತಿ ಮ್ಹಾಳಸಾಳ ಕಣ್ಣು ತಪ್ಪಿಸಿ, ಮುದುಕನ ವೇಷದಲ್ಲಿ ಕುರುಬರ ಬಾಣಾಯಿಯ ಹಟ್ಟಿಗೆ ಹೋಗಿ ಕುರಿ ಕಾಯುವುದು, ಕೊನೆಗೆ ಇಬ್ಬರು ಹೆಂಡಿರ ಜಗಳ. ಯಾರು ಯಾರಿಗೆ ಏನನ್ನುತ್ತಾರೆಂದು ಕೂಸಿಗೂ ಗೊತ್ತು. ಮಾತು ಬರುವ ಮೊದಲೇ ಹೆಣ್ಣುಮಕ್ಕಳು ಸೆರಗು ಬಾಯಿಗಿಟ್ಟು ನಗಲು ಸುರುಮಾಡಿರುತ್ತಾರೆ.

ಒಂದು ವರ್ಷ ತರುಣ ವಾಘ್ಯಾ ಒಬ್ಬ ತಾನೇ ಕಟ್ಟಿದ ಹಾಡು ತಂದಿದ್ದ. ಕಂಠವೂ ಚೆನ್ನಾಗಿತ್ತು, ಹಾಡೂ ಚೆನ್ನಾಗಿತ್ತು. ಎರಡನೇ ನುಡಿಗೆ ಗಂಡಸರು ಬೀಡಿಗೆ ಎದ್ದರು. ಮೂರನೇ ನುಡಿಗೆ ಚಹಾದ ಹಂಡೆಯ ಸುತ್ತ ಜಾತ್ರೆ. ನಾಲ್ಕನೇ ನುಡಿ ಎತ್ತುವಾಗ ಮೂಲೆಯಲ್ಲಿದ್ದ ಆಯಿ ಒಬ್ಬಳು, "ಏ ತಮ್ಮಾ, ಅದು ಇರ್ಲಿ. ಬಾಣಾಯಿದು ಹೇಳೋ, ಹಳೇದು" ಅಂದಳು. ಹುಡುಗ ಹಿರಿಯನ ಮುಖ ನೋಡಿದ. ಹಿರಿಯ ಏನೂ ಆಗಿಲ್ಲವೆಂಬಂತೆ ಬಾಣಾಯಿಯ ಹಟ್ಟಿಗೆ ಹೊರಟುಬಿಟ್ಟ. ಬೀಡಿ ಆರಿಸಿ ಜನ ಓಡಿ ಬಂದರು.

ಇದನ್ನು ಹೇಳಿ ಅಳಿಯನನ್ನು ಕೇಳಿದೆ. "ನಿಮ್ಮ ಬ್ಯಾಂಡಿನವ್ರು ಕಚೇರಿಯೊಳಗ ಹೊಸಾ ಹಾಡು ಹಾಡಿದಾಗ ನೀ ಎಲ್ಲಿದ್ದಿಪಾ?" ಸ್ವಲ್ಪ ತಡೆದು, "ಜ್ಯೂಸ್ ತರಾಕ ಹೋಗಿದ್ದೆ ಮಾಮಾ" ಅಂದ. ಯಾವ ಜ್ಯೂಸ್ ಅಂತ ನಾನು ಕೇಳಲಿಲ್ಲ. ಕಳ್ಳ ಮಾತ್ರ ಸಿಕ್ಕಿಬಿದ್ದಿದ್ದ. ಹೊಸ ಆಲ್ಬಮ್ ಎಲ್ಲಿ ಎಂದು ವರ್ಷವಿಡೀ ಕೇಳುವವನೇ, ಹೊಸ ಹಾಡು ಬಂದಾಗ ಜಾಗ ಬಿಟ್ಟು ಏಳುವವನು. ಹಾಡುವವರನ್ನು ಸೋಮಾರಿಗಳೆಂದು ಬೈದು ಏನು ಉಪಯೋಗ? ನಮ್ಮ ಕಿವಿಗಳೇ ಅವರ ಕೈ ಕಟ್ಟಿವೆ.

ದುಡ್ಡಿನ ಲೆಕ್ಕವೂ ನಮ್ಮ ಕಿವಿಯ ಪರವಾಗಿಯೇ ಇದೆ. ಹಿಂದೆ ಬ್ಯಾಂಡಿನವರು ಹಾಡಿನ ತಟ್ಟೆ ಮಾರಲೆಂದು ಊರೂರು ತಿರುಗುತ್ತಿದ್ದರು. ಈಗ ಮೊಬೈಲಿನಲ್ಲಿ ಹಾಡು ಕೇಳಿದರೆ ಹಾಡಿದವನಿಗೆ ಬರುವುದು ಪುಡಿಗಾಸು, ದುಡ್ಡೇನಿದ್ದರೂ ಟಿಕೆಟ್ಟಿನಲ್ಲಿ. ಟಿಕೆಟ್ ಕೊಂಡವನು ಕೇಳುವುದು ಹಳೇದನ್ನೇ. 1966ರಲ್ಲಿ ತಿರುಗಾಟ ನಿಲ್ಲಿಸಿ ಸ್ಟುಡಿಯೋದಲ್ಲಿ ಕೂತ ಬೀಟಲ್ಸ್ 1970ರೊಳಗೆ ರಾಶಿ ಹಾಡು ಹಾಕಿ, ಆಮೇಲೆ ಬೇರೆ ಬೇರೆ ದಾರಿ ಹಿಡಿದರು. ತಂಡ ಉಳಿಸಿಕೊಂಡವರಿಗೆ ಆಲ್ಬಮ್ ಕಮ್ಮಿ, ರಾಶಿ ಆಲ್ಬಮ್ ಹಾಕಿದವರಿಗೆ ತಂಡ ಇಲ್ಲ.

ನಮ್ಮ ನಾಡಿನ ಬ್ಯಾಂಡುಗಳದೂ ಇದೇ ಕಥೆ. ಬೆಂಗಳೂರಿನ ಥರ್ಮಲ್ ಅಂಡ್ ಎ ಕ್ವಾರ್ಟರ್ ಹುಟ್ಟಿದ್ದು 1996ರಲ್ಲಿ, ಮೊದಲ ಆಲ್ಬಮ್ 2000ದಲ್ಲಿ. 2012ರಲ್ಲಿ ಮೂರು ಡಿಸ್ಕಿನ ದೊಡ್ಡ ಗಂಟು ಇಳಿಸಿ, ಮುಂದಿನದಕ್ಕೆ ವರ್ಷಗಟ್ಟಲೆ ದಣಿವಾರಿಸಿಕೊಂಡರು. ರಘು ದೀಕ್ಷಿತರ ಮೊದಲನೆಯದು 2008ರಲ್ಲಿ, ಎರಡನೆಯದು 2013ರಲ್ಲಿ. ಅವರು ಗಿಟಾರು ಹಿಡಿದು ಶಿಶುನಾಳ ಶರೀಫರ ಗುಡುಗುಡಿ ಸೇದಿದಾಗ ಪಂಚೆ ಕಾಣದ ಹುಡುಗರೂ ಕುಣಿದರು. ಶರೀಫರೋ 1819ರಲ್ಲಿ ಹುಟ್ಟಿ 1889ರಲ್ಲಿ ಹೋದವರು. ಎಡಿಸನ್ 1877ರಲ್ಲೇ ಧ್ವನಿ ಹಿಡಿಯುವ ಯಂತ್ರ ಮಾಡಿದ್ದರೂ, ಗ್ರಾಮಫೋನ್ ಕಂಪನಿ ನಮ್ಮ ದೇಶಕ್ಕೆ ಬಂದು ಹಾಡು ಮುದ್ರಿಸಿಕೊಂಡದ್ದು 1902ರಲ್ಲಿ. ಹಾಗಾಗಿ ಶರೀಫರ ಆಲ್ಬಮ್ಮಿನ ಲೆಕ್ಕವೂ ಸೊನ್ನೆ. ಆದರೂ ನಮ್ಮ ಕಡೆ ಅವರ ಪದವಿಲ್ಲದೆ ಭಜನೆ ಮುಗಿಯುವುದಿಲ್ಲ.

ಅಷ್ಟಕ್ಕೂ ಆಲ್ಬಮ್ ಎಂಬ ಅಳತೆಯನ್ನು ಗೊತ್ತುಮಾಡಿದ್ದು ಹಾಡುವವರಲ್ಲ, ತಟ್ಟೆ. ಹಳೇ 78ರ ತಟ್ಟೆಯಲ್ಲಿ ಹಿಡಿಯುತ್ತಿದ್ದದ್ದು ಮೂರು ನಿಮಿಷ ಚಿಲ್ಲರೆ. ನಮ್ಮ ಪಕ್ಕದ ಮಿರಜಿನಲ್ಲಿ ನೆಲೆಸಿ, 1937ರಲ್ಲಿ ತೀರಿಕೊಂಡು, ಅಲ್ಲಿಯೇ ಮಣ್ಣಾದ ಅಬ್ದುಲ್ ಕರೀಮ್ ಖಾನರು ಗಂಟೆಗಟ್ಟಲೆ ಹಾಡುವ ರಾಗಗಳನ್ನು ಆ ಮೂರು ನಿಮಿಷಕ್ಕೆ ಮಡಚಿ ಕೊಟ್ಟರು. ಆಮೇಲೆ ಬಂದ ಎಲ್‌ಪಿಗೆ ಒಂದು ಮಗ್ಗುಲಿಗೆ ಇಪ್ಪತ್ತು ಇಪ್ಪತ್ತೆರಡು ನಿಮಿಷ. ಆ ಲೆಕ್ಕ ಹಿಡಿದರೆ, ರಾತ್ರಿ ಒಂಬತ್ತಕ್ಕೆ ಸುರುವಾಗಿ ಬೆಳಗಿನ ಐದಕ್ಕೆ ಆರತಿಯಾಗುವ ಒಂದು ಜಾಗರಣವೆಂದರೆ ಹತ್ತು ಎಲ್‌ಪಿಗೂ ಮಿಕ್ಕಿದ್ದು. ಲಗ್ನದ ಸೀಜನ್ನಿನಲ್ಲಿ ನಮ್ಮ ವಾಘ್ಯಾ ರೋಲಿಂಗ್ ಸ್ಟೋನ್ಸಿನವರನ್ನು ಒಂದು ವಾರದಲ್ಲಿ ಹಿಂದೆ ಹಾಕಿಯಾನು.

ಹಾಗಾದರೆ ಹೊಸ ಹಾಡು ಬರುವ ದಾರಿಯೇ ಇಲ್ಲವೇ? ಇದೆ, ಅದಕ್ಕೆ ಹಿಂಬಾಗಿಲೇ ಗತಿ. ಭಜನೆಯ ಪುಸ್ತಕಗಳಲ್ಲಿ ಹಾಡಿನ ಮೇಲೆ 'ಧಾಟಿ' ಅಂತ ಬರೆದು ಯಾವುದಾದರೂ ಹಳೇ ಹಾಡಿನ ಹೆಸರು ಹಾಕಿರುತ್ತಾರೆ. ಮಾತು ಹೊಸದು, ಹಾಡುವ ರೀತಿ ಎಲ್ಲರಿಗೂ ಗೊತ್ತಿದ್ದದ್ದು. ಎಸಿಡಿಸಿ ಎಂಬ ಬ್ಯಾಂಡು 1975ರಿಂದ ಒಂದೇ ಆಲ್ಬಮ್ಮನ್ನು ಬೇರೆ ಬೇರೆ ರಟ್ಟಿನಲ್ಲಿ ಮಾರುತ್ತಿದೆ ಅಂತ ಅದರ ಭಕ್ತರೇ ತಮಾಷೆ ಮಾಡುತ್ತಾರಂತೆ. ಬೈಗುಳವಲ್ಲ ಅದು, ಧಾಟಿ ಬಲ್ಲವರೆಂಬ ಪ್ರಶಸ್ತಿ.

ನಮ್ಮ ತರುಣ ವಾಘ್ಯಾನೂ ಇದನ್ನು ಬೇಗ ಕಲಿತ. ಮುಂದಿನ ಒಂದು ಜಾಗರಣದಲ್ಲಿ ಅದೇ ಹೊಸ ಹಾಡನ್ನು, ಒಂದಕ್ಷರ ಬದಲಿಸದೆ, ಬಾಣಾಯಿಯ ಧಾಟಿಗೆ ಕೂರಿಸಿ ಎತ್ತಿದ. ಯಾರೂ ಬೀಡಿಗೆ ಏಳಲಿಲ್ಲ. ಚಹಾ ಹಂಡೆಯಲ್ಲೇ ಆರಿತು. ಹಾಡು ಮುಗಿದ ಮೇಲೆ ಅದೇ ಆಯಿ ಎಲೆ ಅಡಿಕೆ ಬಾಯಿಗೆ ಹಾಕಿಕೊಳ್ಳುತ್ತ ಅಂದಳು: "ಹಾಂ, ಇದಕ್ಕ ಅಂತಾರ ನೋಡು ಹಾಡು ಅಂತ. ನಮ್ಮ ಅತ್ತಿ ಹೇಳ್ತಿದ್ಲು ಇದನ್ನ."